ಒಂದೇ ಪಂಕ್ತಿಯ ಊಟ

ಓದತಕ್ಕ ವೇದಭಾಗ: ಅಪೊಸ್ತಲರ ಕೃತ್ಯಗಳು 2:42–47, ಗಲಾತ್ಯದವರಿಗೆ 2:11–14.

ಯೆರೂಸಲೇಮಿನ ಮೊದಲನೆಯ ಸಭೆಯವರು ಪ್ರಾರ್ಥನೆಯಲ್ಲಿ ಹೇಗೋ ಹಾಗೆಯೇ ಊಟದಲ್ಲಿಯೂ ಕೂಡಿದ್ದರೆಂದು ಲೂಕನು ಬರೆದಿದ್ದಾನೆ. ಅಂತಿಯೋಕ್ಯದಲ್ಲಿಯಾದರೋ ಪೇತ್ರನು ಅನ್ಯಜನರಿಂದ ಬಂದ ವಿಶ್ವಾಸಿಗಳ ಸಂಗಡ ಮೊದಲು ಉಂಡು, ಸ್ವಜನರು ಬಂದಾಗ ಅಂಜಿ ಬೇರೆಯಾದನು. ಪೌಲನು ಇದನ್ನು ಊಟದ ಸಣ್ಣ ಮಾತೆಂದು ಬಿಡಲಿಲ್ಲ. ಇದು ಸುವಾರ್ತೆಯ ಸತ್ಯಕ್ಕೇ ಸೇರಿದ ಕಾರ್ಯವೆಂದು ತಿಳಿದು ಎಲ್ಲರ ಮುಂದೆ ಅವನನ್ನು ಗದರಿಸಿದನು. ಪರದೇಶದಲ್ಲಿ ಸೇವೆಮಾಡಿದ ಸಹೋದರರ ಚರಿತ್ರೆಯಿಂದ ಈ ಪಾಠವನ್ನು ಇನ್ನೂ ಸ್ಪಷ್ಟವಾಗಿ ಕಲಿಯೋಣ.

1. ಪ್ರೇಮಭೋಜನದ ಆರಂಭ. ಮೊರಾವಿಯ ದೇಶದಿಂದ ವಿಶ್ವಾಸದ ನಿಮಿತ್ತ ಓಡಿಬಂದ ಕೆಲವರು ಜರ್ಮನಿಯಲ್ಲಿ ಜಿನ್ಸೆಂಡಾರ್ಫ್ ಪ್ರಭುವಿನ ಭೂಮಿಯಲ್ಲಿ ಹೆರ್ನ್‌ಹುಟ್ ಎಂಬ ಊರನ್ನು ಕಟ್ಟಿದರು. ಅವರೊಳಗೆ ಜಗಳಗಳು ಬಹಳವಿದ್ದವು. 1727ನೇ ಆಗಸ್ಟ್ 13ರಂದು ಅವರು ಕರ್ತನ ಭೋಜನದಲ್ಲಿ ಕೂಡಿದಾಗ ಮನಸ್ಸುಗಳು ಒಂದಾದವು. ಆ ದಿನ ಅಲ್ಲಲ್ಲಿ ಗುಂಪಾಗಿ ಮಾತಾಡುತ್ತಿದ್ದವರು ಅಗಲಿ ಹೋಗದ ಹಾಗೆ ಪ್ರಭುವು ತನ್ನ ಮನೆಯಿಂದ ಆಹಾರವನ್ನು ಕಳುಹಿಸಿದನು. ಇದರಿಂದ ಆ ಸಭೆಯಲ್ಲಿ ಪ್ರೇಮಭೋಜನದ ಪದ್ಧತಿ ಬೆಳೆಯಿತು.

2. ದೊಡ್ಡವರ ಮೇಜನ್ನು ಬಿಟ್ಟವನು. 1732ರಲ್ಲಿ ಆ ಸಭೆಯು ಕುಂಬಾರನಾದ ಲಿಯೋನಾರ್ಡ್ ಡೋಬರನನ್ನೂ ಬಡಗಿಯಾದ ಡೇವಿಡ್ ನಿಚ್‌ಮನ್ನನನ್ನೂ ಡೇನಿಶರ ವಶದಲ್ಲಿದ್ದ ಸೇಂಟ್ ಥಾಮಸ್ ದ್ವೀಪಕ್ಕೆ ಕಳುಹಿಸಿತು. ಅಲ್ಲಿ ಆಫ್ರಿಕದ ಜನರು ದಾಸರಾಗಿ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದರು. ನಿಚ್‌ಮನ್ನನು ಕೆಲವು ತಿಂಗಳಲ್ಲಿ ಹಿಂದಿರುಗಿದನು. ಡೋಬರನಿಗೆ ಗವರ್ನರನ ಮನೆಯಲ್ಲಿ ಪಾರುಪತ್ಯವೂ ಅವನ ಮೇಜಿನಲ್ಲಿ ಊಟವೂ ದೊರಕಿದವು. ಆದರೆ ದಾಸರಿಗೋಸ್ಕರ ಬಂದವನಿಗೆ ಆ ಊಟವು ರುಚಿಸಲಿಲ್ಲ. ಅವನು ಆ ಮನೆಯನ್ನು ಬಿಟ್ಟು, ಕಾವಲು ಕೆಲಸದಿಂದ ಸಿಕ್ಕಿದಷ್ಟರಲ್ಲಿ ಹೊಟ್ಟೆಹೊರೆದು, ಬಡವರೊಳಗೆ ಬಡವನಾಗಿ ಸಾರಿದನು. ಕರ್ತನು ಎಪ್ಪತ್ತು ಮಂದಿಯನ್ನು ಕಳುಹಿಸಿದಾಗ ತಮ್ಮ ಮುಂದೆ ಇಟ್ಟದ್ದನ್ನು ಉಣ್ಣಬೇಕೆಂದು ಆಜ್ಞಾಪಿಸಿದನಲ್ಲವೇ? ಬಡವರಿಗೆ ಬಡಿಸುವದರಲ್ಲಿ ನಮಗೆ ಮಾನವುಂಟು. ಬಡವರ ಕೈಯಿಂದ ಉಣ್ಣುವದಕ್ಕಾದರೋ ದೀನತ್ವ ಬೇಕು.

3. ಊಟವಾದ ಮೇಲೆ. ಆ ಮಿಶನಿನ ಒಂದು ದುಃಖಕರ ಸಂಗತಿಯನ್ನೂ ಮರೆಮಾಡಬಾರದು. 1738ರಲ್ಲಿ ಅದೇ ಮಿಶನ್ ಆ ದ್ವೀಪದಲ್ಲಿ ಒಂದು ತೋಟವನ್ನೂ ಅದರಲ್ಲಿದ್ದ ದಾಸರನ್ನೂ ಕ್ರಯಕ್ಕೆ ಕೊಂಡಿತು. ಸಹೋದರರೆಂದು ಒಂದೇ ರೊಟ್ಟಿಯನ್ನು ತಿಂದವರಲ್ಲಿ ಕೆಲವರು ಒಡೆಯರು, ಕೆಲವರು ದಾಸರು! ಡೇನಿಶ್ ದ್ವೀಪಗಳಲ್ಲಿ ದಾಸರಿಗೆ ಬಿಡುಗಡೆಯಾದದ್ದು 1848ರಲ್ಲಿಯೇ. ಭೋಜನದಲ್ಲಿ ಒಂದಾಗಿ, ಕೂಲಿಯಲ್ಲಿಯೂ ನ್ಯಾಯದಲ್ಲಿಯೂ ಬೇರೆಯಾದರೆ ಆ ಭೋಜನವು ನಮಗೆ ವಿರೋಧವಾದ ಸಾಕ್ಷಿಯಾಗುವದು.

ಪ್ರಿಯರೇ, ನಮ್ಮ ಸಭೆಗಳಲ್ಲಿ ಸುಗ್ಗಿಯ ಕಾಣಿಕೆಯ ದಿನ ಎಲ್ಲರಿಗೂ ಎಲೆ ಹಾಕುತ್ತೇವೆ. ಆ ಎಲೆಗಳು ಒಂದೇ ಸಾಲಿನಲ್ಲಿವೆಯೋ? ಹೊಲವಿದ್ದವರು ಒಳಗೂ ಕೂಲಿಯವರು ಹೊರಗೂ ಕೂತಿದ್ದಾರೋ? ಬಿಟ್ಟುಬಂದ ಜಾತಿಯು ಚಪ್ಪರದ ಕೆಳಗೆ ಪುನಃ ಬಂದು ಕೂತಿದೆಯೋ? ಹಾಗಿದ್ದರೆ ಅಂತಿಯೋಕ್ಯದ ತಪ್ಪು ನಮ್ಮ ಊರಲ್ಲಿಯೂ ಇದೆ.

ಮನೆಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
ಪೇತ್ರನು ಯಾರಿಗೆ ಅಂಜಿದನು? ನಾವು ಯಾರಿಗೆ ಅಂಜುತ್ತೇವೆ?
ನಮ್ಮ ಸಭೆಯಲ್ಲಿ ಯಾರ ಮನೆಯಲ್ಲಿ ನಾವು ಇದುವರೆಗೆ ಉಣ್ಣಲಿಲ್ಲ? ಯಾಕೆ?
ಈ ತಿಂಗಳು ಮುಗಿಯುವದರೊಳಗೆ ಆ ಮನೆಗೆ ಹೋಗಿ, ಅವರು ಇಟ್ಟದ್ದನ್ನು ಸ್ತೋತ್ರದೊಡನೆ ಉಣ್ಣುವೆವೋ?