ಅನ್ಯಗ್ರಹದ ಬಂದೂಕು ಕೈಗೆ ಬಂದಾಗ: ಫಾಲ್‌ಔಟ್ ಆಟಗಾರರಿಗೆ ಗೆಲುವಿನ ಸೂತ್ರಗಳು

ಫಾಲ್‌ಔಟ್ ವಿಡಿಯೊ ಆಟಗಳ ಸರಣಿಯ ಲೋಕ 2077ರ ಅಕ್ಟೋಬರ್ 23ರಂದು ಅಣುಯುದ್ಧದಲ್ಲಿ ಸುಟ್ಟುಹೋಯಿತು. ಬಾಂಬು ಬಿದ್ದ ನಂತರ ಬದುಕಿ ಉಳಿದವರು ತಿನ್ನುವುದು, ತೊಡುವುದು, ಗುಂಡು ಹಾರಿಸುವುದು ಎಲ್ಲವೂ ಸತ್ತವರು ಬಿಟ್ಟುಹೋದ ಸಾಮಾನು. ಕೋವಿ ಕೆಟ್ಟರೆ ಅಂಥದೇ ಇನ್ನೊಂದನ್ನು ಬಿಚ್ಚಿ ಭಾಗ ಹಾಕಿಕೊಳ್ಳಬಹುದು. ಗುಂಡು ಮುಗಿದರೆ ಮುಂದಿನ ಊರಿನ ವ್ಯಾಪಾರಿಯ ಹತ್ತಿರ ಸಿಗುತ್ತದೆ. ಈ ಲೆಕ್ಕಾಚಾರಕ್ಕೆ ಸಿಗದ ಒಂದೇ ಒಂದು ಬಗೆಯ ಸಾಮಾನು ಈ ಲೋಕದಲ್ಲಿದೆ. ಅದು ಜೀಟನ್‌ಗಳದ್ದು: ಹಸಿರು ಚರ್ಮ, ದೊಡ್ಡ ತಲೆ, ಹಾರುವ ತಟ್ಟೆಯಲ್ಲಿ ಬರುವ ಅನ್ಯಗ್ರಹದ ಜೀವಿಗಳು. ಅವರ ಆಯುಧ ಬಹಳ ಬಲವಾದದ್ದು, ಆದರೆ ಅದರ ಕಾರ್ಖಾನೆ ಭೂಮಿಯ ಮೇಲಿಲ್ಲ. ಕೆಳಗಿನ ಸೂತ್ರಗಳೆಲ್ಲ ಹುಟ್ಟಿದ್ದು ಈ ಒಂದು ಸಂಗತಿಯಿಂದ.

1. ಬಂದೂಕಿಗಿಂತ ಮೊದಲು ಅದರ ಹೊಟ್ಟೆ ನೋಡಿ.

ಏಲಿಯನ್ ಬ್ಲಾಸ್ಟರ್ ಎಂಬ ಪಿಸ್ತೂಲು 1997ರ ಮೊದಲ ಆಟದಿಂದಲೂ ಸರಣಿಯಲ್ಲಿದೆ. ಅಲ್ಲಿ ಅದಕ್ಕೆ ಸ್ಮಾಲ್ ಎನರ್ಜಿ ಸೆಲ್ ಸಾಕಿತ್ತು, ಅಂದರೆ ಮನುಷ್ಯರ ಲೇಸರ್ ಪಿಸ್ತೂಲಿಗೆ ಹಾಕುವ ಅದೇ ಸೆಲ್. ಹಾಗಾಗಿ ಹಿಂದೆಮುಂದೆ ನೋಡದೆ ಹೊಡೆಯಬಹುದಿತ್ತು. 2008ರ ಫಾಲ್‌ಔಟ್ 3ರಲ್ಲಿ ಬೆಥೆಸ್ಡಾ ಕಂಪನಿ ಈ ನಿಯಮವನ್ನೇ ಬದಲಿಸಿತು. ಬ್ಲಾಸ್ಟರಿಗೆ ಏಲಿಯನ್ ಪವರ್ ಸೆಲ್ ಮಾತ್ರ ಹಿಡಿಯುತ್ತದೆ, ಆ ಸೆಲ್ ಸಿಗುವುದು ಬೆರಳೆಣಿಕೆಯ ಜಾಗಗಳಲ್ಲಿ. ಬಂದೂಕು ಅದೇ, ಹೆಸರು ಅದೇ, ಆದರೆ ಆಡುವ ರೀತಿ ಪೂರ್ತಿ ಬೇರೆ. ಯಾವ ಆಟ ಆಡುತ್ತಿದ್ದೀರಿ ಎಂದು ತಿಳಿದುಕೊಂಡೇ ಕುದುರೆ ಎಳೆಯಿರಿ.

2. ಹಳೆಯ ಆಟದಲ್ಲಿ ಲಕ್ ಕಡಿಮೆ ಇಡಬೇಡಿ.

ಮೊದಲ ಫಾಲ್‌ಔಟ್‌ನಲ್ಲಿ ಬ್ಲಾಸ್ಟರ್ ಯಾವ ಊರಿನಲ್ಲೂ ಇಲ್ಲ. ಮರುಭೂಮಿ ದಾಟುವಾಗ ಅಪರೂಪಕ್ಕೆ ಎದುರಾಗುವ ವಿಶೇಷ ಘಟನೆಯಲ್ಲಿ ಮಾತ್ರ ಅದು ಸಿಗುತ್ತದೆ. ಅದು ಎದುರಾಗುವ ಸಾಧ್ಯತೆಯನ್ನು ನಿಮ್ಮ ಪಾತ್ರದ ಲಕ್ ಅಂಕ ಹೆಚ್ಚಿಸುತ್ತದೆ. ನೆಲಕ್ಕೆ ಬಡಿದು ಬಿದ್ದ ತಟ್ಟೆ, ಪಕ್ಕದಲ್ಲಿ ಸತ್ತ ಜೀವಿಗಳು, ಜೊತೆಗೆ ಎಲ್ವಿಸ್ ಪ್ರೀಸ್ಲಿಯ ಒಂದು ಚಿತ್ರಪಟ. ತಟ್ಟೆಯ ಮೇಲೆ ಇದು ಏರಿಯಾ 51ರ ಆಸ್ತಿ, ಸಿಕ್ಕವರು ಹಿಂತಿರುಗಿಸಿ ಎಂಬ ಬರಹ. ಅಮೆರಿಕದ ಐವತ್ತರ ದಶಕದ ಹಾರುವ ತಟ್ಟೆಯ ಹುಚ್ಚು ಇಷ್ಟು ಸಣ್ಣ ಜಾಗದಲ್ಲಿ ಇಡಿಯಾಗಿ ಹಿಡಿದಿರುವುದು ನನಗೆ ಇಂದಿಗೂ ಇಷ್ಟ.

3. ಜನ ಏಲಿಯನ್ ಅಂದದ್ದೆಲ್ಲ ಏಲಿಯನ್ ಅಲ್ಲ.

ಫಾಲ್‌ಔಟ್ 2ರ ರೆಡ್ಡಿಂಗ್ ಗಣಿಯಲ್ಲಿ ವಾನಮಿಂಗೋ ಎಂಬ ಪ್ರಾಣಿಗಳಿವೆ. ಗಣಿಯವರು ಅವನ್ನು ಅನ್ಯಗ್ರಹದವು ಎಂದು ನಂಬಿದ್ದಾರೆ. ಅವು ಮನುಷ್ಯರ ಪ್ರಯೋಗಶಾಲೆಯಿಂದಲೇ ಹೊರಬಂದವು. ಅವುಗಳ ಹತ್ತಿರ ಬ್ಲಾಸ್ಟರ್ ಹುಡುಕಿ ಹೊತ್ತು ಕಳೆಯಬೇಡಿ.

4. ಫಾಲ್‌ಔಟ್ 3: ಆಕಾಶದಲ್ಲಿ ಸದ್ದಾದರೆ ನಿಂತು ನೋಡಿ.

ಈ ಕಥೆ ನಡೆಯುವುದು 2277ರಲ್ಲಿ, ವಾಷಿಂಗ್ಟನ್ ಸುತ್ತಲಿನ ಪಾಳು ನೆಲದಲ್ಲಿ. ನಡೆಯುತ್ತಿರುವಾಗ ಮೇಲೆಲ್ಲೋ ಸ್ಫೋಟದ ಸದ್ದು ಬಂದು ಸುತ್ತಮುತ್ತ ಏನೋ ಉದುರಿದಂತಾದರೆ ಕಾಲಡಿ ಹುಡುಕಿ. ಬಿದ್ದಿರುವುದು ಫೈರ್‌ಲ್ಯಾನ್ಸ್, ಬ್ಲಾಸ್ಟರಿನ ಒಂದು ವಿಶೇಷ ರೂಪ. ಹೊಡೆತ ತಾಗಿದವರಿಗೆ ಬೆಂಕಿಯನ್ನೂ ಹಚ್ಚುತ್ತದೆ. ಜೊತೆಗೆ ಪವರ್ ಸೆಲ್‌ಗಳೂ ಚದುರಿ ಬಿದ್ದಿರುತ್ತವೆ. ಹುಲ್ಲು, ಕಲ್ಲು, ಇಳಿಜಾರುಗಳಲ್ಲಿ ಕಣ್ಣಿಗೆ ಬೀಳುವುದು ಸುಲಭವಲ್ಲ. ಇಂಥ ಘಟನೆಗಳು ಆಕಸ್ಮಿಕವಾಗಿ ಬರುವುದರಿಂದ ಆಗಾಗ ಸೇವ್ ಮಾಡುತ್ತಿರಿ. ಅನ್ಯಗ್ರಹದವರ ವಾಹನ ಬಿದ್ದ ಜಾಗಕ್ಕೆ ಹೋಗುವುದಾದರೆ ವಿಕಿರಣ ಇಳಿಸುವ ಮದ್ದಾದ ರ‍್ಯಾಡ್‌ಅವೇ ಇಟ್ಟುಕೊಂಡು ಹೋಗಿ, ಅಲ್ಲಿ ವಿಕಿರಣ ಇದೆ.

5. ಬ್ಲಾಸ್ಟರ್ ಊಟದ ಉಪ್ಪಿನಕಾಯಿ, ಅನ್ನವಲ್ಲ.

ಫಾಲ್‌ಔಟ್ 3ರಲ್ಲಿ ಅದರ ಒಂದು ಹೊಡೆತ ತಾಗಿದರೆ ಹೆಚ್ಚುಕಡಿಮೆ ಪ್ರತಿ ಬಾರಿಯೂ ಕ್ರಿಟಿಕಲ್. ಇಲಿ, ಜಿರಳೆ, ದಾರಿಗಳ್ಳರ ಮೇಲೆ ಅದನ್ನು ಸುರಿಯುವುದು ಶುದ್ಧ ನಷ್ಟ. ದಿನದ ಕೆಲಸಕ್ಕೆ ಲೇಸರ್ ರೈಫಲ್ ಇರಲಿ. ಡೆತ್‌ಕ್ಲಾ ಎದುರು ಬಂದಾಗ, ಸೂಪರ್ ಮ್ಯೂಟಂಟ್ ಬೆಹೆಮೋತ್ ಮೇಲೆದ್ದಾಗ ಬ್ಲಾಸ್ಟರ್ ತೆಗೆಯಿರಿ. ಗುರಿ ಹಿಡಿಯಲು ನೆರವಾಗುವ ವ್ಯಾಟ್ಸ್ ಒತ್ತಿ, ತಾಗುವ ಸಾಧ್ಯತೆ ಚೆನ್ನಾಗಿದ್ದರೆ ಮಾತ್ರ ಹೊಡೆಯಿರಿ. ಗುರಿ ತಪ್ಪಿದ ಒಂದು ಹೊಡೆತವೂ ನಿಮ್ಮ ಖಜಾನೆಯಿಂದಲೇ ಹೋಗುವುದು.

6. ಎನರ್ಜಿ ವೆಪನ್ಸ್ ಕೌಶಲವನ್ನು ಮೊದಲೇ ಬೆಳೆಸಿ.

ಫಾಲ್‌ಔಟ್ 3ರಲ್ಲಿ ಜೀಟನ್ ಬಂದೂಕುಗಳೆಲ್ಲ ಈ ಕೌಶಲದ ಕೆಳಗೇ ಬರುತ್ತವೆ. ಅನ್ಯಗ್ರಹದ ಆಯುಧ ಕೈಗೆ ಬಂದ ಮೇಲೆ ಕಲಿಯೋಣ ಎಂದು ಕಾದರೆ ಅಪರೂಪದ ಸೆಲ್‌ಗಳೆಲ್ಲ ಕಲಿಕೆಯಲ್ಲೇ ಮುಗಿಯುತ್ತವೆ. ಈ ಕೌಶಲಕ್ಕೆ 10 ಅಂಕ ಕೂಡಿಸುವ ಬಾಬಲ್‌ಹೆಡ್ ಗೊಂಬೆ ಇರುವುದು ಎನ್‌ಕ್ಲೇವ್ ಪಡೆಯ ನೆಲೆಯಾದ ರೇವನ್ ರಾಕ್‌ನಲ್ಲಿ, ಕರ್ನಲ್ ಆಟಮ್‌ನ ಕೋಣೆಯಲ್ಲಿ. ಮುಖ್ಯ ಕಥೆ ನಿಮ್ಮನ್ನು ಅಲ್ಲಿಗೆ ಒಮ್ಮೆ ಮಾತ್ರ ಕರೆದೊಯ್ಯುತ್ತದೆ. ಆಮೇಲೆ ಆ ಬಾಗಿಲು ತೆರೆಯುವುದಿಲ್ಲ. ತಪ್ಪಿಸಿಕೊಳ್ಳುವ ಆತುರದಲ್ಲಿ ಆ ಕೋಣೆಗೆ ಕಾಲಿಡದೆ ಓಡಬೇಡಿ.

7. ನ್ಯೂ ವೇಗಸ್‌ನಲ್ಲಿ ಎರಡರಲ್ಲಿ ಒಂದನ್ನು ಆರಿಸಿ.

2010ರ ಈ ಆಟದಲ್ಲಿ ಅನ್ಯಗ್ರಹದವರು ಬೇಕೋ ಬೇಡವೋ ಎನ್ನುವುದನ್ನು ಆರಂಭದಲ್ಲೇ ತೀರ್ಮಾನಿಸಬೇಕು. ಪಾತ್ರ ರೂಪಿಸುವಾಗ ವೈಲ್ಡ್ ವೇಸ್ಟ್‌ಲ್ಯಾಂಡ್ ಎಂಬ ಗುಣ ತೆಗೆದುಕೊಂಡರೆ ಹೊರೊವಿಟ್ಜ್ ಫಾರ್ಮ್‌ಸ್ಟೆಡ್‌ನ ಉತ್ತರಕ್ಕೆ ಮೂವರು ಜೀಟನ್‌ಗಳು ಇರುತ್ತಾರೆ. ಅವರ ನಾಯಕನ ಬಳಿ ಬ್ಲಾಸ್ಟರ್ ಇದೆ. ಆ ಗುಣ ಬೇಡ ಎಂದರೆ ಅದೇ ಜಾಗದಲ್ಲಿ ಬಾಡಿಗೆ ಸಿಪಾಯಿಗಳು ಬೀಡುಬಿಟ್ಟಿರುತ್ತಾರೆ. ಅವರ ನಾಯಕನ ಹತ್ತಿರ ವೈಸಿಎಸ್/186 ಎಂಬ ಅಪೂರ್ವ ಗಾಸ್ ರೈಫಲ್. ಸಾಮಾನ್ಯವಾಗಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ನನ್ನ ಮತ ರೈಫಲ್‌ಗೆ. ಅದಕ್ಕೆ ಬೇಕಾದ ಮೈಕ್ರೋಫ್ಯೂಷನ್ ಸೆಲ್ ಅಂಗಡಿಯಲ್ಲೇ ಸಿಗುತ್ತದೆ, ಬ್ಲಾಸ್ಟರಿನ ಸೆಲ್ ಮಾತ್ರ ಮುಗಿದರೆ ಮುಗಿಯಿತು. ಆದರೆ ಈ ಆಟವನ್ನು ಎರಡನೇ ಸಲ ಆಡುವವರು ಕಣ್ಣುಮುಚ್ಚಿ ವೈಲ್ಡ್ ವೇಸ್ಟ್‌ಲ್ಯಾಂಡ್ ತೆಗೆದುಕೊಳ್ಳಲಿ. ಆ ಗುಣ ಮೊಹಾವಿ ಮರುಭೂಮಿಯ ಎಷ್ಟೋ ಮೂಲೆಗಳಿಗೆ ಹೊಸ ಜೀವ ಕೊಡುತ್ತದೆ.

8. ಫಾಲ್‌ಔಟ್ 4ರಲ್ಲಿ ಹಸಿರು ರಕ್ತದ ಜಾಡು ಹಿಡಿಯಿರಿ.

2015ರಲ್ಲಿ ಬಂದ ಈ ಆಟದಲ್ಲಿ ನೀವು ಲೆವೆಲ್ 20 ಮುಟ್ಟಿದ ಮೇಲೆ ಬಯಲಿನಲ್ಲಿರುವಾಗ ಒಂದು ತಟ್ಟೆ ತಲೆಯ ಮೇಲೆ ಹಾದುಹೋಗಿ ಬೀಳುತ್ತದೆ. ಬೀಳುವ ಜಾಗ ಓಬರ್‌ಲ್ಯಾಂಡ್ ಸ್ಟೇಷನ್ ಹತ್ತಿರ. ತಟ್ಟೆ ಖಾಲಿ ಇದೆ ಎಂದು ಹಿಂತಿರುಗಬೇಡಿ. ಅಲ್ಲಿಂದ ಹೊರಟ ಹಸಿರು ರಕ್ತದ ಹನಿಗಳು ಹತ್ತಿರದ ಗುಹೆಗೆ ಹೋಗುತ್ತವೆ. ಒಳಗೆ ಗಾಯಗೊಂಡ ಜೀಟನ್ ಒಬ್ಬನಿದ್ದಾನೆ. ಸೋತಿದ್ದರೂ ನಿಮ್ಮನ್ನು ಕಂಡರೆ ಗುಂಡು ಹಾರಿಸುತ್ತಾನೆ. ಅವನ ಬ್ಲಾಸ್ಟರ್ ಸಿಕ್ಕ ಮೇಲೆ ವೆಪನ್ಸ್ ವರ್ಕ್‌ಬೆಂಚ್‌ನಲ್ಲಿ ಮ್ಯಾಗಜೀನ್ ಬದಲಿಸಿ ಫ್ಯೂಷನ್ ಸೆಲ್ ಹಿಡಿಯುವಂತೆ ಮಾಡಬಹುದು. ಮೊದಲ ಆಟ ಕೊಟ್ಟಿದ್ದ, ಮೂರನೆಯದು ಕಿತ್ತುಕೊಂಡಿದ್ದ ಆ ಸ್ವಾತಂತ್ರ್ಯ ಹೀಗೆ ಮರಳಿ ಬರುತ್ತದೆ. ಮೂಲ ಗುಂಡುಗಳು ಮುಗಿಯುವ ತನಕ ಆಡಿ, ಆಮೇಲೆ ಬದಲಿಸಿಕೊಳ್ಳಿ.

9. ಫಾಲ್‌ಔಟ್ 76ರಲ್ಲಿ ಒಬ್ಬರೇ ನುಗ್ಗಬೇಡಿ.

2022ರ ಮಾರ್ಚ್‌ನಲ್ಲಿ ಬಂದ ‘ಇನ್ವೇಡರ್ಸ್ ಫ್ರಮ್ ಬಿಯಾಂಡ್’ ಜೀಟನ್‌ಗಳ ದಾಳಿಯನ್ನು ಎಲ್ಲರೂ ಸೇರಿ ಆಡುವ ಸಾರ್ವಜನಿಕ ಘಟನೆಯಾಗಿ ತಂದಿತು. ಜನ ಸೇರಿದ ಮೇಲೆ ಇಳಿಯಿರಿ. ಇದೇ ಆಟದ ಕತ್ತಲಲ್ಲಿ ಕೆಲವೊಮ್ಮೆ ಫ್ಲ್ಯಾಟ್‌ವುಡ್ಸ್ ಮಾನ್‌ಸ್ಟರ್ ಕೂಡ ಎದುರಾಗುತ್ತದೆ. ನಿಂತಲ್ಲಿಂದ ಮಾಯವಾಗಿ ಇನ್ನೊಂದೆಡೆ ಪ್ರತ್ಯಕ್ಷವಾಗುವ ಪ್ರಾಣಿ ಅದು, ಹಾಗಾಗಿ ಬೆನ್ನಿಗೆ ಗೋಡೆ ಇಟ್ಟುಕೊಂಡು ಹೋರಾಡಿ. ಅದರ ಹಿಂದೆ ನಿಜವಾದ ಊರೊಂದಿದೆ. ವೆಸ್ಟ್ ವರ್ಜೀನಿಯಾದ ಫ್ಲ್ಯಾಟ್‌ವುಡ್ಸ್‌ನಲ್ಲಿ 1952ರ ಸೆಪ್ಟೆಂಬರ್ 12ರ ಸಂಜೆ ಕೆಲವರು ಆಕಾಶದಲ್ಲಿ ಬೆಳಕು ಕಂಡು ಗುಡ್ಡ ಹತ್ತಿದರು, ಅಲ್ಲಿ ಎತ್ತರದ ಆಕೃತಿಯೊಂದನ್ನು ನೋಡಿದೆವು ಎಂದು ಹೇಳಿದರು. ಜೀಟನ್ ಎಂಬ ಹೆಸರೂ ಇಂಥದೇ ಕಥೆಯ ನೆನಪು ತರುತ್ತದೆ. ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿ, 1961ರಲ್ಲಿ ತಮ್ಮನ್ನು ಅನ್ಯಗ್ರಹದವರು ಎತ್ತಿಕೊಂಡು ಹೋಗಿದ್ದರು ಎಂದರು. ಆ ಕಥೆಗೆ ಮುಂದೆ ಜೀಟಾ ರೆಟಿಕುಲೈ ನಕ್ಷತ್ರದ ಹೆಸರು ಅಂಟಿಕೊಂಡಿತು.

10. ಮದರ್‌ಶಿಪ್ ಜೀಟಾ: ಬರಿಗೈಯಲ್ಲಿ ಶುರುಮಾಡಲು ಸಿದ್ಧರಾಗಿ.

ಕೊನೆಗೆ ಮತ್ತೆ ಫಾಲ್‌ಔಟ್ 3ಕ್ಕೆ ಬರೋಣ. 2009ರ ಆಗಸ್ಟ್‌ನಲ್ಲಿ ಬಂದ ಇದು ಆ ಆಟದ ಐದನೆಯ, ಕೊನೆಯ ಡಿಎಲ್‌ಸಿ, ಅಂದರೆ ಹೆಚ್ಚುವರಿ ಕಂತು. ಮುಂಗೈಗೆ ಕಟ್ಟಿದ ಪಿಪ್‌ಬಾಯ್ ಯಂತ್ರದಲ್ಲಿ ಸಿಗುವ ವಿಚಿತ್ರ ರೇಡಿಯೊ ಸಂಕೇತದ ಬೆನ್ನುಹತ್ತಿ ಬಿದ್ದ ವಾಹನದ ಹತ್ತಿರ ಹೋದರೆ ಬೆಳಕಿನ ಕಂಬವೊಂದು ನಿಮ್ಮನ್ನು ಮೇಲಕ್ಕೆಳೆಯುತ್ತದೆ. ಕಣ್ಣು ಬಿಟ್ಟಾಗ ಜೀಟನ್‌ಗಳ ಬಾಹ್ಯಾಕಾಶ ಹಡಗಿನ ಸೆರೆಕೋಣೆಯಲ್ಲಿರುತ್ತೀರಿ. ಕೋವಿ ಇಲ್ಲ, ಕವಚ ಇಲ್ಲ, ಭೂಮಿಯ ಸಂಗಾತಿಗಳೂ ಜೊತೆಗೆ ಬರುವುದಿಲ್ಲ. ಕಳೆದದ್ದೆಲ್ಲ ಮುಂದೆ ವಾಪಸ್ ಸಿಗುತ್ತದೆ, ಗಾಬರಿ ಬೇಡ. ಅದೇ ಕೋಣೆಯಲ್ಲಿರುವ ಸೋಮಾ ಎಂಬಾಕೆ ಹೇಳುವ ಉಪಾಯ ಕೇಳಿ: ಇಬ್ಬರೂ ಜಗಳವಾಡಿದಂತೆ ನಟಿಸಿ ಕಾವಲುಗಾರರನ್ನು ಒಳಗೆ ಕರೆಸುವುದು. ಮೊದಲ ಹೊಡೆದಾಟ ಮುಷ್ಟಿಯದು, ನಂತರ ಕೈಗೆ ಬರುವುದು ಶಾಕ್ ಬ್ಯಾಟನ್ ಎಂಬ ಲಾಠಿ. ಕೈಕೈ ಮಿಲಾಯಿಸುವ ಕಾದಾಟವನ್ನು ಪೂರ್ತಿ ಕೈಬಿಟ್ಟವರಿಗೆ ಈ ಕಾಲುಗಂಟೆ ಕಷ್ಟದ್ದು.

ಸ್ವಲ್ಪ ಮುಂದೆ ಸ್ಯಾಲಿ ಸಿಗುತ್ತಾಳೆ. ಅವಳ ಮಾತು ತಪ್ಪದೆ ಕೇಳಿ. ಯುದ್ಧಕ್ಕೂ ಮೊದಲು ಎತ್ತಿಕೊಂಡು ಬಂದ ಹುಡುಗಿ ಅವಳು. ಹಡಗಿನ ಶೈತ್ಯಾಗಾರದಲ್ಲಿ ಇಟ್ಟಿದ್ದರಿಂದ ಅವಳಿಗೆ ವಯಸ್ಸಾಗಿಲ್ಲ. ದೊಡ್ಡವರು ನುಸುಳಲಾಗದ ಗಾಳಿಕೊಳವೆಗಳಲ್ಲಿ ಓಡಾಡಿ ಆಚೆಯಿಂದ ಬಾಗಿಲು ತೆರೆಯುವವಳು ಅವಳೇ. ಬೇರೆ ಬೇರೆ ಕಾಲದಿಂದ ಕದ್ದು ತಂದವರು ಇನ್ನೂ ಇದ್ದಾರೆ: ಆಂಕರೇಜ್ ಯುದ್ಧದ ಸೇನಾ ವೈದ್ಯಕೀಯ ಸಹಾಯಕ ಎಲಿಯಟ್, ಹಳೆಯ ಪಶ್ಚಿಮದ ಕೌಬಾಯ್ ಪಾಲ್ಸನ್, ಜಪಾನೀ ಬಿಟ್ಟು ಬೇರೆ ಭಾಷೆ ಬಾರದ ಸಮುರಾಯ್ ತೋಶಿರೊ ಕಾಗೊ. ಈ ಡಿಎಲ್‌ಸಿಯನ್ನು ಬರೀ ಗುಂಡಿನ ಆಟ ಎಂದು ತಳ್ಳಿಹಾಕುವವರಿದ್ದಾರೆ. ಈ ನಾಲ್ಕೈದು ಜನರನ್ನು ಮಾತಾಡಿಸಿ ನೋಡಿದವರು ಹಾಗೆ ಹೇಳಲಾರರು.

11. ಇಲ್ಲಿ ಎರಡು ಬಗೆಯ ಗುಂಡು ಇವೆ, ಬೆರೆಸಬೇಡಿ.

ಹಡಗಿನಲ್ಲಿ ರಾಶಿರಾಶಿ ಸಿಗುವುದು ಏಲಿಯನ್ ಪವರ್ ಮಾಡ್ಯೂಲ್. ಅದು ಆಟಮೈಸರ್ ಎಂಬ ಪಿಸ್ತೂಲಿಗೆ, ಡಿಸಿಂಟಿಗ್ರೇಟರ್ ಎಂಬ ರೈಫಲಿಗೆ. ಹಳೆಯ ಬ್ಲಾಸ್ಟರಿನ ಪವರ್ ಸೆಲ್ ಬೇರೆಯೇ. ಮೊದಲನೆಯದನ್ನು ಧಾರಾಳವಾಗಿ ಖರ್ಚು ಮಾಡಿ, ಎರಡನೆಯದನ್ನು ಇಲ್ಲೂ ಕೂಡಿಡಿ. ಮೈಸುತ್ತ ಶಕ್ತಿಕವಚ ಮಿನುಗುವ ಜೀಟನ್ ಕಂಡರೆ ಪಿಸ್ತೂಲು ಒಳಗಿಟ್ಟು ರೈಫಲ್ ಹಿಡಿಯಿರಿ. ಆಯುಧ ಸವೆದರೆ ಏಲಿಯನ್ ಎಪಾಕ್ಸಿ ಇದೆ. ಅಂಥದೇ ಇನ್ನೊಂದು ಬಂದೂಕು ಇಲ್ಲದೆಯೂ ಕೈಯಲ್ಲಿರುವುದನ್ನು ಅದು ದುರಸ್ತಿ ಮಾಡುತ್ತದೆ. ಅದನ್ನು ಹಡಗಿನಲ್ಲೇ ಮುಗಿಸದೆ ಭೂಮಿಗೆ ತನ್ನಿ, ಅಲ್ಲಿ ಅದರ ಬೆಲೆ ಇನ್ನೂ ಹೆಚ್ಚು. ಬಯೋಜೆಲ್ ಎಂಬ ಅವರ ಔಷಧವನ್ನು ಸಿಕ್ಕ ಹಾಗೇ ನುಂಗಬೇಡಿ. ಎಲಿಯಟ್‌ಗೆ ಕೊಡಿ, ಅವನು ಅದನ್ನು ಮನುಷ್ಯರ ಮೈಗೆ ಒಗ್ಗುವಂತೆ ಹದಮಾಡಿ ಕೊಡುತ್ತಾನೆ.

12. ಹಿಂದೆ ಬಾಗಿಲು ಮುಚ್ಚುತ್ತದೆ ಎಂದು ತಿಳಿದೇ ಮುಂದೆ ಹೋಗಿ.

ಜೀಟಾ ಮುಗಿದ ಮೇಲೆ ಹಡಗಿಗೆ ಮರಳಬಹುದು. ಆದರೆ ಅದರ ಬಹುಪಾಲು ಭಾಗಗಳಿಗೆ ಮತ್ತೆ ಪ್ರವೇಶವಿಲ್ಲ. ಬಿಟ್ಟುಬಂದ ಬಂದೂಕು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕ್ರಯೋ ಲ್ಯಾಬ್, ಹ್ಯಾಂಗರ್, ರೋಬೋ ಜೋಡಿಸುವ ವಿಭಾಗ ಈ ಮೂರರ ಜನರೇಟರ್‌ಗಳನ್ನು ಒಡೆಯುವಾಗ ಒಂದೊಂದನ್ನೂ ಮೂಲೆಮೂಲೆ ಗುಡಿಸಿ, ಬೇರೆ ಹೆಸರಿನಲ್ಲಿ ಒಂದು ಸೇವ್ ಇಟ್ಟು ಹೊರಡಿ. ಬಾಹ್ಯಾಕಾಶ ಉಡುಪು ತೊಟ್ಟು ಹಡಗಿನ ಹೊರಮೈ ಮೇಲೆ ನಡೆಯುವ ಘಟ್ಟ ಬರುತ್ತದೆ. ಅಲ್ಲಿ ಶತ್ರುಗಳಿಗಿಂತ ಕೆಳಗಿನ ಭೂಮಿಯನ್ನೇ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಸೆರೆಯಾದವರ ಧ್ವನಿಮುದ್ರಣಗಳನ್ನು ಹುಡುಕಿ. ಒಟ್ಟು 25 ಇವೆ. ಎಲ್ಲ ಕೂಡಿಸಿದರೆ ಏಲಿಯನ್ ಆರ್ಕೈವಿಸ್ಟ್ ಎಂಬ ಪದಕ ಸಿಗುತ್ತದೆ, ಆದರೆ ಪದಕ ಇಲ್ಲದಿದ್ದರೂ ಕೇಳಬೇಕಾದವು ಅವು. ಜೀಟನ್‌ಗಳ ಮಾತು ನಮಗೆ ಒಂದಕ್ಷರವೂ ತಿಳಿಯುವುದಿಲ್ಲ. ಅವರು ಏನು ಹುಡುಕುತ್ತಿದ್ದಾರೆ ಎಂಬ ಸುಳಿವು ಸಿಗುವುದು ಅವರ ಕೈಗೆ ಸಿಕ್ಕು ನರಳಿದ ಮನುಷ್ಯರ ಧ್ವನಿಯಲ್ಲಿ ಮಾತ್ರ. ಅವುಗಳಲ್ಲಿ ಒಂದರಲ್ಲಿ ಅಮೆರಿಕದ ಸೇನಾಧಿಕಾರಿಯೊಬ್ಬನ ವಿಚಾರಣೆ ನಡೆಯುತ್ತದೆ. ಮಾತು ಅಣುಕ್ಷಿಪಣಿ ಉಡಾಯಿಸುವ ಗುಪ್ತ ಸಂಕೇತಗಳ ಕಡೆಗೆ ಹೊರಳುತ್ತದೆ. ಲೋಕ ಸುಟ್ಟ ಆ ಯುದ್ಧವನ್ನು ಶುರುಮಾಡಿದ್ದೇ ಅನ್ಯಗ್ರಹದವರು ಎಂದು ಇದರ ಆಧಾರದ ಮೇಲೆ ವಾದಿಸುವ ಅಭಿಮಾನಿಗಳು ಬಹಳ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆ ಧ್ವನಿಮುದ್ರಣ ಅಷ್ಟನ್ನು ಹೇಳುವುದಿಲ್ಲ, ಮನುಷ್ಯರ ತಪ್ಪನ್ನು ತಟ್ಟೆಯವರ ತಲೆಗೆ ಕಟ್ಟಿದರೆ ಈ ಸರಣಿಯ ಕಥೆಯೇ ಬಡವಾಗುತ್ತದೆ. ನೀವೇ ಕೇಳಿ ತೀರ್ಮಾನಿಸಿ. ಹಡಗಿನ ನಾಯಕನನ್ನು ಎದುರಿಸಲು ಬ್ರಿಜ್ ಎಂಬ ನಿಯಂತ್ರಣ ಕೋಣೆಗೆ ಹೋಗುವ ಮೊದಲೇ ಕೇಳಿ, ಆಮೇಲೆ ಉಳಿದವನ್ನು ಹುಡುಕಲು ದಾರಿ ಇರುವುದಿಲ್ಲ.