ಕೊಡಲಿ ಮತ್ತು ಚಕ್ಕೆ: ನವಶಿಲಾಯುಗದ ಕರ್ನಾಟಕದಲ್ಲಿ ಕುಶಲಕರ್ಮ, ವಿನಿಮಯ

ಕರ್ನಾಟಕದ ವ್ಯಾಪಾರದ ಚರಿತ್ರೆಯನ್ನು ಶಾಸನಗಳು ಹೆಸರಿಸುವ ವರ್ತಕ ಸಂಘಗಳಿಂದಲೋ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ನಾಣ್ಯಗಳಿಂದಲೋ ಆರಂಭಿಸುವುದು ರೂಢಿ. ಬರಹ, ನಾಣ್ಯ, ಅರಸೊತ್ತಿಗೆ ಈ ಮೂರೂ ಇಲ್ಲದ ಸಮಾಜದಲ್ಲಿ ವಿನಿಮಯವನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಇದರಿಂದಾಗಿ ಬದಿಗೆ ಸರಿದಿದೆ. ಸಿದ್ಧವಸ್ತುವಿಗಿಂತ ಅದನ್ನು ತಯಾರಿಸುವಾಗ ಉಳಿದ ಚೂರು, ಚಕ್ಕೆಗಳೇ ಈ ಪ್ರಶ್ನೆಗೆ ಹೆಚ್ಚು ನಂಬಲರ್ಹವಾದ ಉತ್ತರ ನೀಡುತ್ತವೆ.

ಅರೇಬಿಯಾದ ಕರಾವಳಿ ಇದಕ್ಕೊಂದು ನಿದರ್ಶನ. ಕುವೈತಿನ ಸಬಿಯ್ಯಾ ಪ್ರದೇಶದಲ್ಲಿ ಕ್ರಿ.ಪೂ. ಆರನೆಯ ಸಹಸ್ರಮಾನದ ಉತ್ತರಾರ್ಧದ ನೆಲೆಯೊಂದು ಉತ್ಖನನಗೊಂಡಿದೆ. ಅಲ್ಲಿ ಮೆಸೊಪೊಟೇಮಿಯಾದ ಉಬೈದ್ ಸಂಸ್ಕೃತಿಯ ಮಡಕೆಗಳ ಜೊತೆಗೆ ಚಿಪ್ಪಿನ ಮಣಿಗಳನ್ನು ಕೊರೆದು ತಯಾರಿಸಿದ ಕುರುಹುಗಳೂ ದೊರೆತಿವೆ. ಮಡಕೆ ಹೊರಗಿನಿಂದ ಬಂದದ್ದು, ಮಣಿ ಅಲ್ಲಿಯೇ ಆದದ್ದು. ಒಂದು ಮಗ್ಗುಲಲ್ಲಿ ಜೊಂಡಿನ ಅಚ್ಚು, ಇನ್ನೊಂದು ಮಗ್ಗುಲಲ್ಲಿ ಕಡಲಜೀವಿಗಳ ಕವಚ ಅಂಟಿದ ಡಾಂಬರಿನ ತುಂಡುಗಳು ಜೊಂಡಿನ ದೋಣಿಯ ಅವಶೇಷಗಳಾಗಿವೆ. ವಸ್ತು, ತಯಾರಿಕೆ, ಸಾಗಣೆ ಈ ಮೂರಕ್ಕೂ ಅಲ್ಲಿ ಪ್ರತ್ಯೇಕ ಸಾಕ್ಷ್ಯಗಳಿವೆ.

ಕರ್ನಾಟಕದಲ್ಲಿ ಇಂತಹ ವಿಶ್ಲೇಷಣೆಗೆ ಅನುವಾಗುವ ಪ್ರಮುಖ ನೆಲೆ ಬಳ್ಳಾರಿ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಗುರುತಿಸಿದನು. 1946ರ ಸುಮಾರಿಗೆ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ನಡೆಸಿದರು. ಇಲ್ಲಿಯ ಹಿರೇಗುಡ್ಡದ ಗ್ರಾನೈಟ್ ಬಂಡೆಗಳ ನಡುವೆ ಡಾಲರೈಟ್ ಶಿಲೆಯ ಕಪ್ಪು ಪಟ್ಟಿಯೊಂದು ಹಾದುಹೋಗಿದೆ. ಅದರಿಂದ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ ಸಮಗೊಳಿಸಿ, ಕೊನೆಗೆ ಬಂಡೆಯ ಮೇಲೆ ಉಜ್ಜಿ ಕೊಡಲಿಗಳನ್ನು ತಯಾರಿಸಲಾಗುತ್ತಿತ್ತು. ಉಜ್ಜಿದ ಗುಳಿಗಳು ಬಂಡೆಗಳ ಮೇಲೆ ಉಳಿದಿವೆ. ರವಿ ಕೋರಿಶೆಟ್ಟರ್, ನಿಕೋಲ್ ಬೋಯ್ವಿನ್ ಮೊದಲಾದವರ ಅಧ್ಯಯನಗಳು, ನವಶಿಲಾಯುಗದ ಕೊನೆಯ ಘಟ್ಟದಲ್ಲಿ, ಕ್ರಿ.ಪೂ. 1400–1200ರ ಸುಮಾರಿಗೆ, ಈ ತಯಾರಿಕೆ ಹಿರೇಗುಡ್ಡದಲ್ಲಿ ಕೇಂದ್ರೀಕೃತವಾಗಿ ವಿಶೇಷ ಪರಿಣತಿಯ ಕಸುಬಾಯಿತೆಂದು ತೋರಿಸಿವೆ. ಚಕ್ಕೆಗಳ ರಾಶಿ, ಅರ್ಧಕ್ಕೆ ಮುರಿದ ಕೊಡಲಿಗಳು ಇದಕ್ಕೆ ಆಧಾರ. ದನಗಾಹಿ-ಬೇಸಾಯಗಾರರ ಸಮಾಜವೊಂದು ನಗರವಾಗಲೀ ಪ್ರಭುತ್ವವಾಗಲೀ ಇಲ್ಲದೆಯೇ ಶ್ರಮವಿಭಜನೆಯ ಈ ಹಂತವನ್ನು ಮುಟ್ಟಿತ್ತು ಎಂಬುದು ಗಮನಾರ್ಹ.

ಇದೇ ವಿಧಾನವನ್ನು ಒಳನಾಡಿನ ನೆಲೆಗಳಲ್ಲಿ ದೊರೆಯುವ ಚಿಪ್ಪಿನ ಆಭರಣಗಳಿಗೂ ಅನ್ವಯಿಸಬೇಕು. ಚಿಪ್ಪು ಎಂದೊಡನೆ ಕಡಲು ಎನ್ನುವಂತಿಲ್ಲ. ಹೊಳೆಯ ಚಿಪ್ಪೂ ಉಂಟು. ಶಂಖವಾದರೆ ಮಾತು ಬೇರೆ: ಮನ್ನಾರ್ ಕೊಲ್ಲಿ, ಗುಜರಾತ್ ಕರಾವಳಿಗಳು ಅದರ ಹೆಸರಾಂತ ನೆಲೆಗಳು. ಜಾತಿ ನಿರ್ಣಯವಾದ ಬಳಿಕವೇ ದಾರಿಯ ಪ್ರಶ್ನೆ ಏಳುತ್ತದೆ. ಬಳೆ ಮಾತ್ರ ಇದ್ದು ಕೊಯ್ದುಳಿದ ಚೂರು ಇಲ್ಲದಿದ್ದರೆ ಸಿದ್ಧವಸ್ತು ಬಂದಿರಬಹುದು. ಚೂರೂ ಇದ್ದರೆ ಕಚ್ಚಾ ಶಂಖವೇ ಬಂದಿರಬೇಕು.

ದಕ್ಷಿಣದಲ್ಲಿ ಕಾವೇರಿ–ಕಪಿಲಾ ಸಂಗಮದ ಟಿ. ನರಸೀಪುರವು ನವಶಿಲಾಯುಗದ ಪ್ರಸಿದ್ಧ ನೆಲೆ. ಅಲ್ಲಿಂದ ಶಿಂಶಾ ಬಯಲಿನವರೆಗೆ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂತಹ ಗ್ರಾಮಗಳಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವವರು, ಹೊಲದಲ್ಲಿ ನಯಗೊಳಿಸಿದ ಕೊಡಲಿಯೊಂದು ಕಂಡರೆ ಅದನ್ನಷ್ಟೇ ಎತ್ತಿ ತರುವುದು ಸಾಲದು. ಸುತ್ತ ಚಕ್ಕೆಗಳಿವೆಯೇ, ಆ ಶಿಲೆ ಸಮೀಪದಲ್ಲಿ ದೊರೆಯುತ್ತದೆಯೇ ಎಂಬುದನ್ನು ದಾಖಲಿಸಬೇಕು. ಇಲ್ಲವಾದರೆ ಕೊಡಲಿ ಸಂಗ್ರಹಾಲಯ ಸೇರುತ್ತದೆ, ಅದರ ಚರಿತ್ರೆ ಹೊಲದಲ್ಲಿಯೇ ಉಳಿಯುತ್ತದೆ.

ಸಂಗನಕಲ್ಲು–ಕುಪ್ಪಗಲ್ಲು ಪರಿಸರಕ್ಕೆ ಕಲ್ಲುಗಣಿಗಾರಿಕೆಯಿಂದ ಆಗಿರುವ ಹಾನಿಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕಾಗಿದೆ. ಆಯ್ದ ಕೊಡಲಿಗಳನ್ನು ಕಪಾಟಿನಲ್ಲಿ ಕಾಪಾಡಬಹುದು. ಆದರೆ ಬಂಡೆಯ ಗುಳಿ, ಬಿದ್ದಲ್ಲೇ ಬಿದ್ದಿರುವ ಚಕ್ಕೆ ಇವು ಸ್ಥಳದಲ್ಲಿದ್ದರಷ್ಟೇ ಸಾಕ್ಷ್ಯ; ಸ್ಥಳ ತಪ್ಪಿದರೆ ಬರಿಯ ಕಲ್ಲು. ಅಕ್ಷರವಿಲ್ಲದ ಕಾಲದ ಕುಶಲಕರ್ಮಿಗಳಿಗೆ ಆ ಗುಡ್ಡವೇ ಕಡತವಾಗಿದೆ. ಶಾಸನಶಿಲೆಗೆ ಸಲ್ಲುವ ಎಚ್ಚರ ಅದಕ್ಕೂ ಸಲ್ಲಬೇಕು.