ಜಿಗಿಯುವ ಮೊದಲು ಬೀಳಲು ಕಲಿಯಲಿ

ನಿಮ್ಮ ಮಗ ಮೊಬೈಲಿನಲ್ಲಿ ನೋಡಿದ ಜಿಗಿತವನ್ನು ಮನೆಯ ಮಾಳಿಗೆಯ ಮೇಲೆ ಮಾಡಿ ನೋಡುತ್ತಿದ್ದಾನೆಯೇ? ಗದರಿಸಿ ಸುಮ್ಮನಾಗಬೇಡಿ, ಅದೇನೆಂದು ತಿಳಿದುಕೊಳ್ಳಿ.

ಇದರ ಹೆಸರು ಪಾರ್ಕೂರ್. ಪ್ಯಾರಿಸ್ ಬಳಿಯ ಲೀಸ್ ಎಂಬಲ್ಲಿ 1980ರ ದಶಕದ ಕೊನೆಯಲ್ಲಿ ಡೇವಿಡ್ ಬೆಲ್ ಮತ್ತು ಗೆಳೆಯರು ಇದನ್ನು ಬೆಳೆಸಿದರು. ಬೆಲ್ ಅವರ ತಂದೆ ಅಗ್ನಿಶಾಮಕ ದಳದಲ್ಲಿದ್ದವರು. ಅಡೆತಡೆಗಳನ್ನು ಗಾಯವಿಲ್ಲದೆ ದಾಟುವುದೇ ಇದರ ಉದ್ದೇಶ, ಪ್ರದರ್ಶನವಲ್ಲ.

ಜಿಗಿತವನ್ನು ಅನುಕರಿಸಲು ಭಾಷೆ ಬೇಕಿಲ್ಲ. ಎಚ್ಚರಿಕೆ ಅರ್ಥವಾಗಲು ಭಾಷೆ ಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಮಕ್ಕಳ ಕಿವಿಗೆ ಉರ್ದು, ಕನ್ನಡ, ಮರಾಠಿ ಮೂರೂ ಬೀಳುತ್ತವೆ. ಪರದೇಶದ ವಿಡಿಯೋದಲ್ಲಿ ಹೇಳಿದ ಎಚ್ಚರಿಕೆ ಮಾತ್ರ ಅವರಿಗೆ ಮುಟ್ಟುವುದಿಲ್ಲ.

ನಮ್ಮ ಭಾಗದಲ್ಲಿ ಕಲಿಸುವ ಕ್ರಮ ಮೊದಲೇ ಇದೆ. ಕುಸ್ತಿಯ ಗರಡಿಗೆ ಮರಾಠಿಯಲ್ಲಿ ತಾಲೀಮ್ ಎನ್ನುತ್ತಾರೆ. ಅದು ಅರಬಿಯ ತಅಲೀಮ್, ಅಂದರೆ ಕಲಿಸುವುದು. ಪೈಲ್ವಾನರ ಗುರು ವಸ್ತಾದ. ಅದು ಮದ್ರಸಾದ ಉಸ್ತಾದ್ ಎಂಬ ಪದವೇ. ಒಳ್ಳೆಯ ವಸ್ತಾದ ಮೊದಲ ದಿನವೇ ಕುಸ್ತಿಗೆ ಇಳಿಸುವುದಿಲ್ಲ. ದಂಡ, ಬೈಠಕ್ ಮಾಡಿಸಿ, ಮೆದು ಮಣ್ಣಿನಲ್ಲಿ ಬೀಳುವುದನ್ನು ಕಲಿಸುತ್ತಾನೆ. ಪಾರ್ಕೂರಿಗೂ ಅದೇ ಕ್ರಮ:

1. ಮೊದಲು ಹತ್ತು ನಿಮಿಷ ಮೈ ಬಿಸಿಯಾಗಲಿ. ಕಾಲು ಗಟ್ಟಿಯಾಗಲು ದಿನವೂ ಬೈಠಕ್ ಇರಲಿ.

2. ಸಮನೆಲದಲ್ಲಿ ಜಿಗಿದು ಕಲಿತ ಮೇಲೆ ಒಂದೇ ಮೆಟ್ಟಿಲಿನಿಂದ. ಎರಡೂ ಪಾದಗಳ ಮುಂಭಾಗ ಮೊದಲು ನೆಲ ಮುಟ್ಟಲಿ, ಮೊಣಕಾಲು ಮಡಿಯಲಿ. ಸದ್ದು ಕಡಿಮೆಯಾದಷ್ಟೂ ಕಲಿಕೆ ಸರಿ.

3. ಉರುಳುವಾಗ ಗದ್ದ ಎದೆಗೆ ತಾಗಿರಲಿ. ಒಂದು ಭುಜದಿಂದ ಎದುರು ಬದಿಯ ಸೊಂಟಕ್ಕೆ ಓರೆಯಾಗಿ ಉರುಳಬೇಕು. ತಲೆ, ಕುತ್ತಿಗೆಯ ಮೇಲೆ ಭಾರ ಬೀಳಬಾರದು. ಇದನ್ನು ಬಲ್ಲವರ ಎದುರು, ಮೆದು ಮಣ್ಣಿನಲ್ಲೇ ಕಲಿಯಲಿ.

4. ಮಾಳಿಗೆ, ನೀರಿನ ಟಾಕಿ, ಒದ್ದೆ ಗೋಡೆ, ಕರೆಂಟ್ ತಂತಿಯ ಹತ್ತಿರ ಬೇಡವೇ ಬೇಡ. ಒಬ್ಬನೇ ಇರುವಾಗಲೂ ಬೇಡ.

ಕಾಲು ಉಳುಕಿದರೆ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟು, ಕಾಲನ್ನು ಎತ್ತರದಲ್ಲಿಡಿ. ಊರಲು ಆಗದಿದ್ದರೆ ವೈದ್ಯರಿಗೆ ತೋರಿಸಿ. ತಲೆ, ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದ್ದರೆ ಎತ್ತಿ ಕೂರಿಸದೆ 108ಕ್ಕೆ ಕರೆ ಮಾಡಿ. ಗಡಿಯ ಎರಡೂ ಬದಿಗೆ ಸಂಖ್ಯೆ ಅದೇ.

ದೇಹ ಅಲ್ಲಾಹನು ಕೊಟ್ಟ ಅಮಾನತ್ತು. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ನಾಲ್ಕು ಮಾತುಗಳನ್ನು ಇಂದೇ ಮಕ್ಕಳಿಗೆ ಓದಿ ಹೇಳಿ. ಪಕ್ಕದ ಮನೆಯ ಮಕ್ಕಳಿಗೂ ಅವರ ಮಾತಿನಲ್ಲೇ ತಿಳಿಸಿ.